ಹುಲ್ಲಹಳ್ಳಿಯ ಸಂಘಮಿತ್ರಾ ಇಬ್ಬರಾದದ್ದು

ನಂಜನಗೂಡಿನ ವಾಸಸ್ಥಳ ದೃಢೀಕರಣ ಉಪಕಚೇರಿಯು ಐದು ವರ್ಷಗಳ ಹಿಂದೆ ಒಂದು ಸುತ್ತೋಲೆ ಹೊರಡಿಸಿ, ಇಂಗ್ಲಿಷ್ ಪ್ರಮಾಣಪತ್ರಗಳಲ್ಲಿ ‘ಹೀ’ ಮತ್ತು ‘ಶೀ’ ಪದಗಳನ್ನು ರದ್ದುಪಡಿಸಿತು. ಇನ್ನು ಮುಂದೆ ಸಕಲರನ್ನೂ ‘ದೇ’ ಎಂಬ ಬಹುವಚನದಿಂದಲೇ ನಮೂದಿಸತಕ್ಕದ್ದು.

ಇದಕ್ಕೆ ಕಾರಣರಾದವರು ಟಿ. ನರಸೀಪುರದ ಕೋಮಲ. ತಮ್ಮನ್ನು ಗಂಡೆಂದೂ ಹೆಣ್ಣೆಂದೂ ಬರೆಯದೆ ‘ದೇ’ ಎಂದು ಬರೆಯಬೇಕೆಂದು ಅವರು ಅರ್ಜಿ ಕೊಟ್ಟಿದ್ದರು. ಒಬ್ಬರಿಗೆ ಕೊಟ್ಟರೆ ಪಕ್ಷಪಾತವಾದೀತೆಂದು ಕಚೇರಿಯು ಎಲ್ಲರಿಗೂ ಕೊಟ್ಟಿತು. ಕೋಮಲ ಅವರ ಅರ್ಜಿಯನ್ನು ಮಾತ್ರ, ಅವರು ಬೇರೆ ತಾಲ್ಲೂಕಿನವರಾದ್ದರಿಂದ, ತಿರಸ್ಕರಿಸಲಾಯಿತು.

ಆ ಜೂನ್‌ನಲ್ಲಿ ಹುಲ್ಲಹಳ್ಳಿಯ ನಾಗಯ್ಯನವರ ಮಗಳು ಸಂಘಮಿತ್ರಾಗೆ ಮೈಸೂರಿನ ಒಂದು ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತು. ಅವಳು ಉಪಕಚೇರಿಯ ಪ್ರಮಾಣಪತ್ರ ಕೊಟ್ಟಾಗ ಶಾಲೆಯ ಗುಮಾಸ್ತರು ಓದಿ ತಲೆಯೆತ್ತಿದರು.

“‘ದೇ ಆರ್’ ಅಂತ ಇದೆಯಲ್ಲಮ್ಮ. ಇನ್ನೊಬ್ಬರು ಎಲ್ಲಿ?”

ನಾಲ್ಕು ದಿನದಲ್ಲಿ ಅಡ್ಮಿಷನ್ ಮುಗಿಯುವುದಿತ್ತು. ಸಂಘಮಿತ್ರಾ ಅಪ್ಪ ಅಮ್ಮನನ್ನು ಕರೆದುಕೊಂಡು ಉಪಕಚೇರಿಗೆ ಓಡಿದಳು. ಎರಡು ದಿನ ಬೆಂಚಿನ ಮೇಲೆ ಕಾಯಿಸಿ, ಮೂರನೆಯ ದಿನ ಸೂಪರಿಂಟೆಂಡೆಂಟ್ ನಟರಾಜ್ ಅವರು ಸಾವಧಾನದಿಂದ ಕೇಳಿಸಿಕೊಂಡರು.

“ಸರ್, ‘ದೇ’ ಒಬ್ಬರಿಗೂ ಬರುತ್ತೆ. ನಾವು ಕನ್ನಡದಲ್ಲಿ ನಿಮ್ಮನ್ನ ‘ಅವರು’ ಅನ್ನಲ್ವಾ, ಹಾಗೆ” ಎಂದಳು ಸಂಘಮಿತ್ರಾ.

“ಅದು ಗೌರವ. ಇದು ದಾಖಲೆ.”

“ಹಾಗಾದ್ರೆ ಇನ್ನೊಬ್ಬರು ಇಲ್ಲ ಅಂತ ಬರೆದುಕೊಡಿ.”

“ಧಾರಾಳವಾಗಿ. ಆ ಇಲ್ಲದವರು ಖುದ್ದಾಗಿ ಬಂದು ಸಹಿ ಹಾಕಬೇಕು.”

ನಾಗಯ್ಯ ಬಾಯಿಬಿಟ್ಟರು. “ಇಲ್ದವ್ರು ಎಂಗ್ ಬಂದಾರು ಸಾ?”

“ಬರದಿದ್ದರೆ ಇದ್ದಾರೆಂದೇ ಭಾವಿಸತಕ್ಕದ್ದು. ನಿಯಮ ಹನ್ನೊಂದು.”

“ಒಬ್ಳೇ ಕಣ್ ಸಾ! ಎತ್ತವ್ಳು ಆಚೆ ಬೆಂಚಲ್ಲಿ ಕುಂತವ್ಳೆ, ಅವಳ್ನೇ ಕೇಳಿ!”

ಕೇಳಲಾಯಿತು. ಮೂರು ದಿನದಿಂದ ಅದೇ ಬೆಂಚಿನ ಮೇಲೆ ಕೂತಿದ್ದ ತಾಯಿ ಸಾಕಮ್ಮ ಮಗಳ ಮುಖ ನೋಡಿದರು. ಅಡ್ಮಿಷನ್‌ಗೆ ಉಳಿದದ್ದು ಒಂದೇ ದಿನ. ಮಗಳು ಸೀಟಿನ ಪತ್ರ ಹಿಡಿದು ನಿಂತಿದ್ದಳು.

“ಎಷ್ಟ್ ಜನ ಅಂದ್ರೆ ಸೀಟ್ ಸಿಕ್ತದೋ ಅಷ್ಟ್ ಜನ ಕಣಪ್ಪ” ಎಂದರು ಸಾಕಮ್ಮ.

ಹೀಗೆ ತಾಯಿಯ ಹೇಳಿಕೆಯ ಮೇರೆಗೆ ಸಂಘಮಿತ್ರಾ ಒಂದು ಮತ್ತು ಸಂಘಮಿತ್ರಾ ಎರಡು ಎಂದು ನೋಂದಣಿಯಾಯಿತು. ನಾಗಯ್ಯ ಹೆಬ್ಬೆಟ್ಟೊತ್ತಿದರು, ಎರಡು ಸಲ.

ಶಾಲೆಯವರು ಇಬ್ಬರನ್ನೂ ಸೇರಿಸಿಕೊಂಡರು. ಹಾಸ್ಟೆಲಿನಲ್ಲಿ ಎರಡು ಮಂಚ, ಎರಡು ತಟ್ಟೆ. ಎರಡನೆಯವರಿಗೆ ಹಾಜರಾತಿ ಕಡಿಮೆಯೆಂದು ನೋಟಿಸು ಬಂದ ಮೇಲೆ ಸಂಘಮಿತ್ರಾ ದನಿ ಬದಲಿಸಿ ಇನ್ನೊಂದು ಸಲ “ಪ್ರೆಸೆಂಟ್ ಮೇಡಂ” ಅನ್ನತೊಡಗಿದಳು. ಮೊದಮೊದಲು ಸಂಕೋಚದಿಂದ ಮುಖ ಕೆಂಪಾಗುತ್ತಿತ್ತು. ಆಮೇಲಾಮೇಲೆ, ಹೇಳದಿದ್ದರೆ ಏನೋ ಕಳೆದುಕೊಂಡಂತಾಗುತ್ತಿತ್ತು.

ಇಬ್ಬರೂ ಪಾಸಾದರು. ಇಬ್ಬರನ್ನೂ ಚಿಕ್ಕಯ್ಯನಛತ್ರ ಹೋಬಳಿಯ ಒಂದು ಆರೋಗ್ಯ ಕೇಂದ್ರಕ್ಕೆ ನೇಮಿಸಲಾಯಿತು. ಎರಡನೆಯವರ ಕ್ವಾರ್ಟರ್ಸಿನಲ್ಲಿ ನಟರಾಜ್ ಅವರ ಭಾವಮೈದುನ ಸಂಸಾರ ಹೂಡಿದರು. ಮನೆ ಖಾಲಿ ಬಿದ್ದರೆ ಹಾಳಾಗುತ್ತದೆಂಬುದು ಅವರ ಕಾಳಜಿ. ಎರಡು ಪಾಳಿಯ ಕೆಲಸ ಮಾತ್ರ ಒಬ್ಬಳ ಕಾಲಿಗೆ ಬಿತ್ತು. ಎಂಟು ತಿಂಗಳು ರಜೆಯಿಲ್ಲದೆ ದುಡಿದು ಅವಳ ಪಾದಗಳು ಊದಿಕೊಂಡವು. ಕೊನೆಗೆ ವೈದ್ಯಾಧಿಕಾರಿಗಳ ಮುಂದೆ ನಿಂತಳು.

“ಸರ್, ಎರಡನೆಯವರು ಅಂತ ಯಾರೂ ಇಲ್ಲ.”

“ಸಹೋದ್ಯೋಗಿಗಳ ಮೇಲೆ ದೂರು ಹೇಳಬಾರದಮ್ಮ. ನಿಮಗೇನು ಬೇಕು?”

“ಮೂರು ದಿನ ರಜೆ.”

“ಅಷ್ಟೇ ತಾನೆ? ಹೋಗಿ ಬನ್ನಿ. ಅವರಿದ್ದಾರಲ್ಲ.”

ಸಂಘಮಿತ್ರಾ ಊರಿಗೆ ಹೋಗಿ ಮೂರು ದಿನವೂ ಮಲಗಿದಳು. ನಾಲ್ಕನೆಯ ದಿನ ಹೆದರುತ್ತಲೇ ಮರಳಿ ಬಂದಳು. ಬಾಗಿಲ ಬಳಿ ಮಾದಯ್ಯ ಎಂಬ ಮುದುಕರು ಕೆಮ್ಮುತ್ತಾ ಕೂತಿದ್ದರು. ಮೂರು ದಿನವೂ ಬಂದು, ಸಂಜೆಯವರೆಗೆ ಕಾದು ಹೋಗಿದ್ದರಂತೆ.

“ತೊಂದರೆ ಆಯ್ತಾ ತಾತ?”

“ಏನಿಲ್ಲ ಕಣವ್ವ” ಎಂದರು ಮಾದಯ್ಯ. “ಆ ಇನ್ನೊಬ್ಬ ಸಿಸ್ಟರ್ ಬಲ್ ಒಳ್ಳೇವ್ರು. ಒಂದ್ ದಿನಾನೂ ಬಯ್ನಿಲ್ಲ.”