ಬಾಗಿಲ ಮುಂದಿನ ಗಿಡದ ಹೆಸರು

ತುಳಸೀರಾಮನಿಗೆ ಖಡಕಿಯ ಕಾರ್ಖಾನೆಯಲ್ಲಿ ಹನ್ನೆರಡು ವರ್ಷವಾದರೂ ಬಡ್ತಿ ಸಿಕ್ಕಿರಲಿಲ್ಲ. ರಾಸ್ತಾ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಹಳೇ ವಾಡೆಯೊಂದರಲ್ಲಿ ಅವನಿಗಿದ್ದದ್ದು ಒಂದೂವರೆ ಕೋಣೆ. ಆದರೆ ಒಂದು ವಿಷಯದಲ್ಲಿ ಅವನು ಸಾಕ್ಷಾತ್ ಚಕ್ರವರ್ತಿ: ಮದುವೆಯಾಗಿ ಹದಿನಾರು ವರ್ಷವಾದರೂ ಹೆಂಡತಿ ಅವನ ಹೆಸರನ್ನು ಒಮ್ಮೆಯೂ ಬಾಯಿಗೆ ತಂದಿರಲಿಲ್ಲ. ಹೆಸರೆತ್ತಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಊರಾದ ಆಳಂದದಿಂದ ಅವಳ ಅತ್ತೆ ನಾಗವ್ವನ ಕಟ್ಟಪ್ಪಣೆಯಾಗಿತ್ತು. ಎದುರು ಮನೆಗೆ ಹೊಸದಾಗಿ ಬಂದ, ಕಾಲೇಜು ಓದಿದ ಹುಡುಗಿ ಗಂಡನನ್ನು ಹೆಸರು ಹಿಡಿದು ಕೂಗಿದಾಗಲೆಲ್ಲ ತುಳಸೀರಾಮ ಮೀಸೆ ತಿರುವುತ್ತಿದ್ದ.

ತೊಂದರೆಯಿದ್ದದ್ದು ಬಾಗಿಲ ಮುಂದಿನ ತುಳಸಿಗಿಡದಿಂದ. ಅದಕ್ಕೂ ಅವನದೇ ಹೆಸರು (ಅವನಿಗೇ ಅದರ ಹೆಸರು ಎನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ). ಹೀಗಾಗಿ ಅವಳು ಅದನ್ನು "ಬಾಗಲ ಮುಂದಿಂದು" ಎನ್ನುತ್ತಿದ್ದಳು. ಒಮ್ಮೆ ಗಂಡನ ಕೆಮ್ಮಿಗೆ ಅದರ ಎಲೆ ತರಲು ಹೇಳಿದರೆ, ಮಗಳು ಬಾಗಿಲ ಮುಂದಿನ ಚೆಂಡುಹೂವಿನ ಎಲೆ ಕಿತ್ತು ತಂದಳು. ಆ ಕಷಾಯ ಕುಡಿದ ತುಳಸೀರಾಮ ಎರಡು ದಿನ ಕಾರ್ಖಾನೆಗೆ ಹೋಗಲಿಲ್ಲ. ತಪ್ಪು ಹೆಂಡತಿಯದೇ ಎಂದು ತೀರ್ಮಾನವಾಯಿತು.

ಇನ್ನು ಅವಳ ಹೆಸರು. ಮದುವೆಯ ದಿನ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಬರೆದು ಅತ್ತೆ ಇಟ್ಟ ಹೊಸ ಹೆಸರು ಸಕ್ಕುಬಾಯಿ. ಅದನ್ನೂ ಯಾರೂ ಬಳಸಲಿಲ್ಲ. ತುಳಸೀರಾಮನಿಗೆ "ಏ" ಎಂದರೆ ಕೆಲಸ ಸಾಗುತ್ತಿತ್ತು.

ಕೆಳಗಿನ ಮನೆಯ ರಿವ್ಕಾಬಾಯಿ ಯಹೂದಿ ಮುದುಕಿ. ಇಸ್ರೇಲಿನಲ್ಲಿದ್ದ ಮಗನ ಬಳಿಗೆ ಹೊರಟು ನಿಂತಿದ್ದಳು. ಹುಟ್ಟಿದಾಗಿನಿಂದ ಮರಾಠಿ ಆಡಿದ ನಾಲಿಗೆಗೆ ಈಗ ಹೀಬ್ರೂ ಕಲಿಸಬೇಕಾಗಿತ್ತು. ಅಂಗಳದಲ್ಲಿ ಪುಸ್ತಕ ಹಿಡಿದು ಕೂತು ಉಪ್ಪಿಗೇನು, ಉಳ್ಳಾಗಡ್ಡಿಗೇನು ಎಂದು ಬಾಯಿಪಾಠ ಮಾಡುತ್ತಿದ್ದಳು. ಒಂದು ದಿನ ತುಳಸಿಯ ಕಡೆ ಕೈ ತೋರಿಸಿ, ಇದಕ್ಕೆ ಅಲ್ಲಿ ರೇಹಾನ್ ಎನ್ನುತ್ತಾರಂತೆ ಎಂದಳು. ಸಕ್ಕುಬಾಯಿ ತಂಬಿಗೆ ಕೆಳಗಿಟ್ಟು ಅದನ್ನು ನಾಲ್ಕು ಸಲ ಹೇಳಿಸಿಕೊಂಡಳು. ದಿನಾ ಕೈಮುಗಿಯುವ ಗಿಡವನ್ನು ಕರೆಯಲು ಹದಿನಾರು ವರ್ಷದ ಮೇಲೆ ಅವಳಿಗೊಂದು ಹೆಸರು ಸಿಕ್ಕಿತ್ತು. ಕಣ್ಣಲ್ಲಿ ನೀರೇ ಬಂತು. ಮುದುಕಿ ಅಷ್ಟಕ್ಕೇ ಬಿಡದೆ, ನಿನ್ನ ತವರಿನ ಹೆಸರೇನು ಎಂದೂ ಕೇಳಿದಳು. ಅವಳು ಅತ್ತಿತ್ತ ನೋಡಿ, ಮುದುಕಿಯ ಕಿವಿಯಲ್ಲಿ ಹೇಳಿದಳು.

ರೇಹಾನ್ ಎಂದರೆ ದೋಷವಾದೀತೇ ಎಂದು ಸಂಜೆ ಗಂಡನನ್ನು ಕೇಳಿದಳು. ತುಳಸೀರಾಮ ಚಹಾ ಬಸಿಗೆ ಹೊಯ್ದುಕೊಂಡು, ಕಾಶಿಯ ಪಂಡಿತರಂತೆ ಕಣ್ಣು ಮುಚ್ಚಿ ಧರ್ಮನಿರ್ಣಯ ದಯಪಾಲಿಸಿದ.

"ಅದು ಯಹೂದಿ ಮಾತು ಅದ. ನಮ್ಮ ದೇವರಿಗೆ ತಿಳಿಯಂಗಿಲ್ಲ. ಧಾರಾಳ ಅನ್ನು."

ರಿವ್ಕಾಬಾಯಿ ವಿಮಾನ ಹತ್ತಿದ ಮರುವಾರವೇ ಹೊಸ ರೇಶನ್ ಕಾರ್ಡಿಗೆ ಹೆಸರು ಬರೆಸುವ ಸರದಿ ಬಂತು. ತುಳಸೀರಾಮನಿಗೆ ಮೊದಲ ಪಾಳಿ, ಹೆಂಡತಿಯೇ ಹೋದಳು. ಇಂಥ ಕಡೆಗಳಲ್ಲಿ ಪಕ್ಕಕ್ಕೆ ನಿಂತು ಅವನ ಹೆಸರು ಹೇಳಿಕೊಡುತ್ತಿದ್ದವಳು ರಿವ್ಕಾಬಾಯಿ; ಈಗ ಯಾರೂ ಇಲ್ಲ. ಗಂಡನ ಹೆಸರೇನೆಂದು ಕಾರಕೂನ ಮೂರು ಸಲ ಕೇಳಿದ. ಹಿಂದಿನ ಸಾಲು ಗೊಣಗತೊಡಗಿತು. ಅವಳು ಅಪ್ಪಣೆ ಸಿಕ್ಕಿದ್ದನ್ನು ಹೇಳಿದಳು (ರಾಮ ಎನ್ನಬೇಡವೆಂದು ಯಾವ ಅತ್ತೆಯೂ ಹೇಳುವುದಿಲ್ಲ).

ಕಾರ್ಡ್ ಕೈಗೆ ಬಂತು. ಕುಟುಂಬದ ಯಜಮಾನ: ರೇಹಾನರಾಮ.

ಆ ಸಾಲಿನಿಂದ ಕೆಳಗೆ ತುಳಸೀರಾಮ ಓದಲೇ ಇಲ್ಲ. ಹೆಂಡತಿಯನ್ನು ಕರೆದುಕೊಂಡು ಕಚೇರಿಗೆ ಓಡಿದ. ಬರೆಸಿದವರೇ ಸರಿಯಾದ ಹೆಸರು ಹೇಳಬೇಕು ಎಂದ ಕಾರಕೂನ.

"ಹೇಳು, ನನ್ನ ಹೆಸರು ಏನದ ಹೇಳು."

"ಹೆಂಗ ಹೇಳಲಿ? ನಿಮ್ಮ ಆಯುಷ್ಯದ ಕಾಳಜಿ ನನಗಿಲ್ಲೇನ್ರಿ?"

ಅವನು ಗದರಿದ, ಗೋಗರೆದ, ಕೊನೆಗೆ ನಾಲ್ಕು ಜನರ ಎದುರು ಕೈಮುಗಿದ. ಅವಳು ಬಾಯಿ ಬಿಡಲಿಲ್ಲ. ಕಾರಕೂನನಿಗೇ ಕನಿಕರ ಹುಟ್ಟಿ, ಇರಲಿ, ನೀವು ಹೆಂಡತಿಯ ಹೆಸರು ಹೇಳಿ, ಕಾರ್ಡಿಗೆ ಹೊಂದಿದರೆ ತಿದ್ದಿಬಿಡುತ್ತೇನೆ ಎಂದ.

"ಸಕ್ಕುಬಾಯಿ," ಎಂದ ತುಳಸೀರಾಮ, ಎದೆಯುಬ್ಬಿಸಿ.

ಈ ಕಾರ್ಡಿನಲ್ಲಿ ಅಂಥವರಿಲ್ಲ, ಇರುವುದು ಮಾನಮ್ಮ ಎಂದ ಕಾರಕೂನ.

"ಮಾನಮ್ಮ ಯಾರು?" ತುಳಸೀರಾಮ ಹೆಂಡತಿಯನ್ನೇ ಕೇಳಿದ.

ಸಾಲಿನವರೆಲ್ಲ ನಕ್ಕರು. ಅವಳು ನಗಲಿಲ್ಲ.

"ನಾನ್ರಿ. ನಮ್ಮಪ್ಪ ಇಟ್ಟ ಹೆಸರು. ಲಗ್ನಪತ್ರಿಕಾದಾಗ ಇತ್ತು. ನೀವು ಓದಿದ್ದಿಲ್ಲ ಕಾಣ್ತದ."

ಕಾರ್ಡ್ ಹಾಗೆಯೇ ಉಳಿಯಿತು. ಸೀಮೆಎಣ್ಣೆ ಬಂದ ದಿನ ಅಂಗಡಿಯವನು ರೇಹಾನರಾಮ ಎಂದು ಕೂಗಿದರೆ ತುಳಸೀರಾಮ ಡಬ್ಬಿ ಹಿಡಿದು "ಓ" ಎನ್ನುತ್ತಾನೆ. ಹಾಗೆ ಮನೆಗೆ ಬಂದ ಒಂದು ದಿನ ಹೆಂಡತಿಯನ್ನು "ಮಾನಮ್ಮ" ಎಂದು ಕರೆದೂ ನೋಡಿದ. ಅವಳು ರೇಹಾನಿಗೆ ನೀರು ಹಾಕುತ್ತಿದ್ದಳು. ಮೂರು ಸಲ ಕರೆದರೂ ತಿರುಗಲಿಲ್ಲ.

ಕೊನೆಗೆ "ಏ" ಎಂದ. ತಿರುಗಿದಳು.