ಹಲ್ಲಿನ ಆಸ್ಪತ್ರೆಯ ಹೊಟ್ಟೆಬಾಕ ಬ್ರಾಕೆಟ್ಟು

ಅನಾಹುತಕ್ಕೆ ಕಾರಣ ರಿಸೆಪ್ಷನ್ ಅಕ್ಕ. ರೋಗಿಗಳಿಗೆ ಕಳಿಸುವ ಸಂದೇಶ ಉದ್ದವಾಯಿತೆಂದು ಅದರ ಐದು ಸಾಲನ್ನು ಒಂದೇ ಸಾಲಾಗಿ ಜೋಡಿಸಿಟ್ಟಿದ್ದಳು. ಅಷ್ಟಕ್ಕೇ ಬೆಳಿಗ್ಗೆ ಹಲ್ಲಿನ ಆಸ್ಪತ್ರೆಯ ಬಾಗಿಲಲ್ಲಿ ಅರವತ್ತು ಜನ ಕೆನ್ನೆ ಹಿಡಿದುಕೊಂಡು ನಿಂತಿದ್ದರು. ಹೆಸರು, ದಿನ, ಸಮಯ ಎಲ್ಲ ಮಾಯವಾಗಿ ಅವರಿಗೆ ತಲುಪಿದ್ದು ಇಷ್ಟೇ: 'ಪ್ರಿಯ, ತಪ್ಪದೇ ಬನ್ನಿ.' ಒಬ್ಬ ಹೆಂಗಸಂತೂ ಗಂಡನ ಫೋನು ಕಿತ್ತುಕೊಂಡು ಬಂದು, ಇದನ್ನು ಬರೆದವಳು ಯಾರೆಂದು ಕೇಳುತ್ತಿದ್ದಳು.

ಬರೆದವನು, ಅಂದರೆ ಸಂದೇಶ ಕಳಿಸುವ ಪ್ರೋಗ್ರಾಮು ಬರೆದವನು, ಮೂಲೆಯ ಕಂಪ್ಯೂಟರಿನ ಹಿಂದೆ ಆದಷ್ಟು ಸಣ್ಣಗಾಗಿ ಕುಳಿತಿದ್ದ. ಎಲ್ಲರೂ ಅವನನ್ನು ಪುಕ್ಕಲಣ್ಣ ಎನ್ನುತ್ತಿದ್ದರು. ಒಂದೇ ವರ್ಷದಲ್ಲಿ ಇದು ಮೂರನೇ ಕೆಲಸ. ಇದೂ ಹೋದರೆ ಮನೆಗೆ ಬರುವುದೇ ಬೇಡವೆಂದು ಹೆಂಡತಿ ಹೇಳಿಟ್ಟಿದ್ದಳು.

ದೊಡ್ಡ ಡಾಕ್ಟರು ಬಂದು ಬೆನ್ನ ಹಿಂದೆ ನಿಂತರು. ಕೈಯಲ್ಲಿ ಹಲ್ಲು ಕೀಳುವ ಇಕ್ಕಳವಿತ್ತು.

"ಹನ್ನೆರಡು ಗಂಟೆಯೊಳಗೆ ಸರಿಯಾದ ಮೆಸೇಜು ಹೋಗ್ಬೇಕು. ಇಲ್ಲಾಂದ್ರೆ ನೀವು ಹೋಗ್ಬೇಕು," ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.

ಆ ಮೆಲುದನಿಗೇ ಅವನ ಜೀವ ಬಾಯಿಗೆ ಬಂತು. ಪ್ರೋಗ್ರಾಮು ತೆರೆದು ಕುಳಿತ. ಸಂದೇಶದಲ್ಲಿ ತೆರೆಯುವ ಬ್ರಾಕೆಟ್ಟಿನಿಂದ ಮುಚ್ಚುವ ಬ್ರಾಕೆಟ್ಟಿನವರೆಗೆ ಇರುವುದನ್ನು ತೆಗೆದು, ಅಲ್ಲಿ ರೋಗಿಯ ವಿವರ ತುಂಬು ಎಂದು ಅವನು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಗೆ ಹೇಳಿಕೊಟ್ಟಿದ್ದ. ತಪ್ಪುತ್ತಿರುವುದೆಲ್ಲಿ ಎಂದು ತಿಳಿಯಲು, ಹೆಸರಿಗೂ ದಿನಾಂಕಕ್ಕೂ ನಡುವೆ ಬಾಯಿಗೆ ಬಂದ ಒಂದು ವಾಕ್ಯ ಸೇರಿಸಿ ತನ್ನ ಫೋನಿಗೆ ಕಳಿಸಿ ನೋಡಿದ. ಅದೂ ಮಾಯ. ಹತ್ತು ಸಲ ಕಳಿಸಿದ, ಹತ್ತು ಸಲವೂ ಮಾಯ. ಒಳಗಿನಿಂದ ಯಾರೋ ನರಳುವ ಸದ್ದು ಕೇಳಿ ಆ ವಾಕ್ಯವನ್ನೇ ಮರೆತ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಹೊಳೆಯಿತು. ಹಿಂದೆ ಸಾಲುಗಳು ಬೇರೆ ಬೇರೆಯಿದ್ದವು, ಪಿಎಚ್‌ಪಿ ಸಾಲು ದಾಟುತ್ತಿರಲಿಲ್ಲ. ಈಗ ಎಲ್ಲ ಒಂದೇ ಸಾಲಿನಲ್ಲಿ ಸಿಕ್ಕಿದ್ದೇ ತಡ, ಮೊದಲ ಬ್ರಾಕೆಟ್ಟಿಗೆ ಬಾಯಿ ಹಾಕಿ ಕಟ್ಟಕಡೆಯದರವರೆಗೂ ನುಂಗುತ್ತಿತ್ತು. ಪ್ರೋಗ್ರಾಮಿನಲ್ಲಿ 'ಎಷ್ಟಿದ್ದರೂ ತೆಗೆ' ಎನ್ನುವ ನಕ್ಷತ್ರದ ಗುರುತಿನ ಪಕ್ಕ ಒಂದು ಪ್ರಶ್ನೆ ಚಿಹ್ನೆ ಇಟ್ಟರೆ, ಮೊದಲು ಸಿಕ್ಕ ಮುಚ್ಚುವ ಬ್ರಾಕೆಟ್ಟಿಗೇ ನಿಲ್ಲುತ್ತದೆ. ಇಟ್ಟ.

"ಆಯ್ತು," ಎಂದ. ಇನ್ನೊಮ್ಮೆ ನೋಡುವ ಮೊದಲೇ ರಿಸೆಪ್ಷನ್ ಅಕ್ಕ ಗುಂಡಿ ಒತ್ತಿಬಿಟ್ಟಳು. ನಾನೂರು ಸಂದೇಶ ಹೊರಟವು.

ಡಾಕ್ಟರ ಕೋಣೆಯಿಂದ ಕರೆ ಬಂತು. ಹೋಗಿ ನೋಡಿದರೆ, ಕುರ್ಚಿಯಲ್ಲಿದ್ದ ರೋಗಿ ಡಾಕ್ಟರ ಅತ್ತೆಯೇ. ಆಕೆ ತಮ್ಮ ಫೋನಿಗೆ ಬಂದ ಸಂದೇಶವನ್ನು ಗಟ್ಟಿಯಾಗಿ ಓದುತ್ತಿದ್ದರು. ಹೆಸರು ಸರಿ, ದಿನ ಸರಿ, ಸಮಯ ಸರಿ. ಪುಕ್ಕಲಣ್ಣ ನಡುವೆ ಸೇರಿಸಿದ್ದ ವಾಕ್ಯವೂ ಒಂದಕ್ಷರ ಬಿಡದೆ ಬಂದಿತ್ತು: 'ಈ ಡಾಕ್ಟರಿಗೆ ಇಕ್ಕಳ ಹಿಡಿಯೋಕೂ ಬರಲ್ಲ.'

"ನಾನು ಮೊದ್ಲಿಂದ ಹೇಳ್ತಿದ್ದದ್ದೂ ಅದನ್ನೇ," ಎಂದರು ಅತ್ತೆ.

ಡಾಕ್ಟರು ಇಕ್ಕಳವನ್ನು ತಟ್ಟೆಯಲ್ಲಿಟ್ಟು ಗಡಿಯಾರ ನೋಡಿದರು. ಸರಿಯಾಗಿ ಹನ್ನೆರಡು.

"ಮೆಸೇಜು ಹೋಯ್ತು," ಎಂದರು ಮೆಲ್ಲಗೆ. "ಇನ್ನು ನೀವು."