ಪರದೆಯಪ್ಪನ ಬಣ್ಣದ ರಜೆ

ಬ್ರೆಡ್ ಕಾರ್ಖಾನೆಯ ಗೋಡೆಯ ಮೇಲಿದ್ದ ಕಪ್ಪು ಪರದೆಯಲ್ಲಿ ದಿನವಿಡೀ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಹರಿಯುತ್ತಿದ್ದವು. ಒಲೆ ಎಷ್ಟು ಕಾದಿದೆ, ಬ್ರೆಡ್ ಹೇಗಿದೆ, ವ್ಯಾನು ಹೊರಡಬಹುದೇ, ಎಲ್ಲವೂ ಅದರಲ್ಲಿತ್ತು. ಓದುವವರು ಮಾತ್ರ ಯಾರೂ ಇರಲಿಲ್ಲ. ಪ್ರೋಗ್ರಾಂ ಬರೆದವನೇ ಎದುರಿಗೆ ಕೂತು ಓದಿ, ಎಲ್ಲರಿಗೂ ಕೂಗಿ ಹೇಳಬೇಕು. ಹಾಗಾಗಿ ಅವನ ನಿಜವಾದ ಹೆಸರು ಮರೆತುಹೋಗಿ ಪರದೆಯಪ್ಪ ಎಂಬುದೇ ಉಳಿದಿತ್ತು. ರಜೆ ಅವನಿಗೆ ಗಗನಕುಸುಮ.

ಅಂಥವನಿಗೆ ಅವತ್ತು ಬೆಳಿಗ್ಗೆ ಯಾರೋ ಪುಣ್ಯಾತ್ಮರು ಬರೆದಿಟ್ಟ ಲೈಬ್ರರಿಯೊಂದು, ಅಂದರೆ ಬೇರೆ ಪ್ರೋಗ್ರಾಮಿಗೆ ಜೋಡಿಸಬಹುದಾದ ಸಿದ್ಧ ತುಣುಕು, ಸಿಕ್ಕಿತು. ಪ್ರೋಗ್ರಾಮಿಗೆ ಅದನ್ನು ಸೇರಿಸಿ, ಸಾಲಿನ ಮುಂದೆ ಬಣ್ಣದ ಹೆಸರು ಬರೆದರೆ ಸಾಕು, ಅಕ್ಷರಗಳು ಆ ಬಣ್ಣದಲ್ಲೇ ಮೂಡುತ್ತವೆ! ಸ್ವರ್ಗಕ್ಕೆ ಮೂರೇ ಗೇಣು.

"ಸರ್, ಇನ್ಮೇಲೆ ಓದೋದೇ ಬೇಡ! ಹಸಿರು ಅಂದ್ರೆ ಸರಿ, ಕೆಂಪು ಅಂದ್ರೆ ಅಪಾಯ. ನಾನಿಲ್ದೆನೂ ನಡೆಯುತ್ತೆ!" ಎಂದು ಮ್ಯಾನೇಜರ್ ಮುಂದೆ ಕುಣಿದ.

"ಸಂಜೆಯೊಳಗೆ ಎಲ್ರೂ ನಿಮ್ಮನ್ನ ಕೇಳದೆ ಕೆಲಸ ಮಾಡೋ ಹಾಗಾದ್ರೆ ನಾಳೆ ರಜೆ," ಎಂದರು ಅವರು.

ಪರದೆಯಪ್ಪನ ಹೆಂಡತಿ ಹುಟ್ಟಿದಾಗಿನಿಂದ ಸಮುದ್ರ ನೋಡಿರಲಿಲ್ಲ. ಕರೆದುಕೊಂಡು ಹೋಗುತ್ತೇನೆಂದು ಹೇಳಿ ಹೇಳಿ ಅವನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆಯೂ ಇರಲಿಲ್ಲ. ಕೂಡಲೇ ಫೋನ್ ಮಾಡಿದ. "ಬ್ಯಾಗ್ ತುಂಬು ಕಣೇ! ಈ ಸಲ ಖಂಡಿತ!"

ಪರದೆ ಹಚ್ಚಗೆ ಹಸಿರಾಯಿತು. ಬ್ರೆಡ್ಡಿನ ಸಾಲು ನೋಡಿ ಪ್ಯಾಕಿಂಗ್ ಅಕ್ಕ ಚೀರಿಕೊಂಡಳು.

"ಅಯ್ಯಯ್ಯೋ, ಬ್ರೆಡ್ ಹಸಿರಾಗಿದೆ! ಬೂಷ್ಟು ಹಿಡಿದಿದೆ!" ಎಂದವಳೇ ಬಿಸಿಬಿಸಿ ಬ್ರೆಡ್ಡನ್ನೆಲ್ಲ ಕಸದ ಡಬ್ಬಕ್ಕೆ ಸುರಿದಳು.

ಅಷ್ಟರಲ್ಲಿ ಒಲೆ ಮಿತಿಮೀರಿ ಕಾದು, ಅದರ ಸಾಲು ಕೆಂಪಾಯಿತು. ಒಲೆಯಣ್ಣನ ಮುಖ ಅರಳಿತು. "ಆಹಾ, ಒಲೆ ಕೆಂಪಗಾಯ್ತು ಅಂದ್ರೆ ಹದ ಬಂತು ಅಂತಾನೇ! ತುಂಬ್ರೋ ಒಳಗೆ!" ತುಂಬಿದ್ದೆಲ್ಲ ಇದ್ದಿಲಾಗಿ ಹೊರಬಂತು.

ಪರದೆಯಪ್ಪ ಬೆವರು ಒರೆಸಿಕೊಂಡು ಬಣ್ಣ ಬದಲಿಸಿದ. ಒಲೆ ಹದವಾಗಿದ್ದರೆ ಕೆಂಪು, ಅತಿಯಾದರೆ ಹಳದಿ. ಆದರೆ ಬಣ್ಣ ಹಚ್ಚುವ ಅವಸರದಲ್ಲಿ, ಸಾಲಿನ ಕೊನೆಗೆ 'ಇಲ್ಲಿಗೆ ನಿಲ್ಲಿಸು' ಎಂದು ಹೇಳುವುದನ್ನೇ ಮರೆತ. ಒಲೆಯ ಕೆಂಪು ಕೆಳಗಿದ್ದ ವ್ಯಾನಿನ ಸಾಲಿಗೂ ಹರಿಯಿತು. ಡ್ರೈವರ್ ಗೇಟಿನ ಮಧ್ಯದಲ್ಲೇ ವ್ಯಾನ್ ನಿಲ್ಲಿಸಿ ಕೈಕಟ್ಟಿ ಕೂತ. ಹಿಂದಿದ್ದ ಗಾಡಿಗಳ ಹಾರ್ನಿಗೆ ಕಿವಿ ತೂತಾಗುವುದೊಂದು ಬಾಕಿ.

"ಹೊರಡಪ್ಪಾ!" ಎಂದು ಪರದೆಯಪ್ಪ ಬೇಡಿಕೊಂಡ.

"ಕೆಂಪು ಇದ್ದಾಗ ನಮ್ಮಪ್ಪ ಬಂದು ಹೇಳಿದ್ರೂ ಹೊರಡಲ್ಲ!"

ಪರದೆಯಪ್ಪ ಊಟ ಬಿಟ್ಟು ಕೂತ. ಪ್ರತಿ ಬಣ್ಣವನ್ನೂ ಅದರದರ ಸಾಲಿಗೇ ಕಟ್ಟಿಹಾಕಿದ. ಒಲೆಯಣ್ಣನಿಗೆ ಅವನಿಗೆ ಅರ್ಥವಾಗುವ ಬಣ್ಣ, ಅಕ್ಕನಿಗೆ ಅವಳದು, ಡ್ರೈವರಿಗೆ ಅವನದು. ಸಂಜೆ ಹೊತ್ತಿಗೆ ಏನಾಶ್ಚರ್ಯ! ಒಬ್ಬರೂ ಅವನನ್ನು ಕೇಳಲಿಲ್ಲ. ಪರದೆ ನೋಡಿದರು, ಕೆಲಸ ಮಾಡಿದರು. ಪರದೆಯಪ್ಪನ ಕಣ್ಣಲ್ಲಿ ನೀರು ಬಂತು.

ರಜೆ ಚೀಟಿ ಹಿಡಿದು ಮ್ಯಾನೇಜರನ್ನು ಪರದೆಯ ಮುಂದೆ ನಿಲ್ಲಿಸಿದ. ಅವರು ಪೆನ್ನು ತೆಗೆದರು.

"ಭೇಷ್! ಈ ಕೆಂಪು ಒಳ್ಳೇದಾ, ಕೆಟ್ಟದ್ದಾ?"

"ಒಲೆಗೆ ಒಳ್ಳೇದು ಸರ್, ವ್ಯಾನಿಗೆ ಕೆಟ್ಟದ್ದು."

"ಹಸಿರು?"

"ವ್ಯಾನಿಗೆ ಒಳ್ಳೇದು, ಬ್ರೆಡ್ಡಿಗೆ ಕೆಟ್ಟದ್ದು."

"ಎಲ್ಲಾ ಬಣ್ಣನೂ ಯಾರಿಗೆ ಗೊತ್ತು?"

"ನನಗೊಬ್ಬನಿಗೇ ಸರ್!" ಪರದೆಯಪ್ಪ ಎದೆಯುಬ್ಬಿಸಿದ.

ಮ್ಯಾನೇಜರ್ ಪೆನ್ನನ್ನು ಜೇಬಿಗೆ ಹಾಕಿದರು. "ಮತ್ತೆ ನೀವು ಹೋದ್ರೆ ನನಗೆ ಹೇಳೋರು ಯಾರ್ರೀ? ನಾಳೆಯಿಂದ ನನ್ನ ಪಕ್ಕದಲ್ಲೇ ನಿಂತಿರಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೆಂಡತಿ ಬೈಯಲೂ ಇಲ್ಲ. "ತುಂಬಿದ ಬ್ಯಾಗ್ ಬಿಚ್ಚಲ್ಲ ನಾನು. ಅಮ್ಮನ್ನ ಕರ್ಕೊಂಡು ಹೋಗ್ತೀನಿ," ಎಂದಳು ಅಷ್ಟೆ.

ಮರುದಿನ ಪರದೆಯ ಮುಂದೆ ನಿಂತಿದ್ದವನ ಫೋನಿಗೆ ಒಂದು ಫೋಟೋ ಬಂತು. ಅತ್ತೆಯ ನಗುಮುಖ, ಹಿಂದೆ ಕಣ್ಣು ಹಾಯುವಷ್ಟೂ ನೀಲಿ. ಮ್ಯಾನೇಜರ್ ಭುಜದ ಮೇಲಿಂದ ಇಣುಕಿದರು.

"ಈ ನೀಲಿ ಒಳ್ಳೇದಾ, ಕೆಟ್ಟದ್ದಾ?"

ಪರದೆಯಪ್ಪ ನಿಟ್ಟುಸಿರು ಬಿಟ್ಟ. "ಅತ್ತೆಗೆ ಒಳ್ಳೇದು ಸರ್."